ಮುಂದ ಏನಾಗ್ತಿ?

ಶನಿವಾರ ಬೆಳಗಿನ ಆರೂವರೆ. ಬೆಳಗಾವಿ ಬಸ್ ನಿಲ್ದಾಣದಲ್ಲಿ ಖಾನಾಪುರದ ಗಾಡಿ ಇನ್ನೂ ಅರ್ಧ ಖಾಲಿ. ರಾತ್ರಿಯಿಡೀ ಹೊಡೆದ ಮಳೆ ಈಗ ಜಿಟಿಜಿಟಿಗೆ ಇಳಿದಿದೆ. ಎಡಗಡೆ ಕಿಟಕಿಯ ಪಕ್ಕ ಕುಳಿತ ಶಿಕ್ಷಕಿಯ ತೊಡೆಯ ಮೇಲೆ ಒಂದು ಬಟ್ಟೆ ಚೀಲ, ಚೀಲದಿಂದ ಹೊರಗೆ ಚಾಚಿಕೊಂಡ ಭೂಪಟದ ಸುರುಳಿ. ನೆನೆಯದಿರಲೆಂದು ಹಾಲಿನ ಪ್ಯಾಕೆಟ್ಟುಗಳನ್ನು ತೊಳೆದು, ಕತ್ತರಿಸಿ, ಹೊಲಿದು ಅದಕ್ಕೊಂದು ಹೊದಿಕೆ ಮಾಡಿದ್ದಾರೆ.

ಗಾಡಿ ಹೊರಡುವ ಹೊತ್ತಿಗೆ ಹತ್ತಿದ ಹಿರಿಯರು ಛತ್ರಿ ಮಡಚುತ್ತ ಮುಖ ನೋಡಿದರು, ಗುರುತು ಹಿಡಿದರು. ಖಾನಾಪುರ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಮೂವತ್ತು ವರ್ಷ ಕಲಿಸಿ ನಿವೃತ್ತರಾದ ಮುಖ್ಯಗುರುಗಳು ಅವರು. ಈ ಶಿಕ್ಷಕಿ ಏಳನೆಯ ತರಗತಿ ಓದಿದ್ದು ಅವರ ಕೈಯಲ್ಲೇ.

“ಎಲ್ಲಿಗೆ ಹೊಂಟೀದಿ ತಂಗಿ, ಜಗತ್ತೆಲ್ಲಾ ಸುತ್ತಿ ಬಗಲಾಗ ಇಟ್ಕೊಂಡು?”

“ಸಾಲಿಗೇ ರೀ ಸರ್. ವಾರ ಪೂರ್ತಿ ಬೆಳಗಾವ್ಯಾಗ ಹೊರಗಿನಿಂದ ಬಂದು ಓದೋ ಹುಡುಗ್ರಿಗೆ ಸಂಜಿಮುಂದ ಕನ್ನಡ ಮಾತು ಕಲಸ್ತೇನಿ. ತಿಂಗಳಿಗೆ ಎರಡು ಶನಿವಾರ ಖಾನಾಪುರಕ್ಕ ಬರ್ತೇನಿ. ಏಳನೇತ್ತಾ, ಎಂಟನೇತ್ತಾ ಮಕ್ಕಳ ಜೋಡಿ ಕೂತು, ಮುಂದ ಏನು ಓದೂದು, ಏನಾಗೂದು ಅಂತ ಮಾತಾಡೂದು.”

ಹಿರಿಯರು ಪಕ್ಕದಲ್ಲಿ ಕುಳಿತರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮನಸ್ಸಿನಲ್ಲಿದ್ದದ್ದನ್ನು ನೇರವಾಗಿ ಆಡಿದರು.

“ತಪ್ಪು ತಿಳೀಬ್ಯಾಡ. ‘ಮುಂದ ಏನಾಗ್ತಿ’ ಅನ್ನೋ ಪ್ರಶ್ನಿ ಮ್ಯಾಲ ನನಗ ಭಾಳ ಸಿಟ್ಟೈತಿ. ಸಾಲಿಗೆ ಬಂದವರೆಲ್ಲಾ ಅದನ್ನ ಕೇಳ್ತಾರ. ಹುಡುಗ ಎದ್ದು ನಿಂತು ಡಾಕ್ಟರ್ ಅಂತಾನ, ಡಿಸಿ ಅಂತಾನ. ಬಂದವರು ಚಪ್ಪಾಳಿ ಹೊಡೀತಾರ, ಫೋಟೋ ತಗೀತಾರ, ಹೋಗ್ತಾರ. ಮರುದಿವಸ ಅದೇ ಹುಡುಗ ‘ಸರ್, ಡಾಕ್ಟರ್ ಆಗಾಕ ಹತ್ತನೇತ್ತಾ ಆದ ಮ್ಯಾಲ ಎಲ್ಲಿ ಹೋಗಬೇಕ್ರಿ’ ಅಂತ ಕೇಳಿದ್ರ, ಹೇಳಾವರು ಯಾರು? ಕನಸು ಕೇಳಿದವರು ಅಷ್ಟೊತ್ತಿಗೆ ತಮ್ಮೂರು ಮುಟ್ಟಿರ್ತಾರ.”

ಕಂಡಕ್ಟರ್ ಬಂದರು. ನಡುವಯಸ್ಸಿನ ಹೆಣ್ಣುಮಗಳು, ಕೈಯಲ್ಲಿ ಟಿಕೆಟ್ ಯಂತ್ರ. ಹಿರಿಯರಿಂದ ದುಡ್ಡು ತೆಗೆದುಕೊಂಡು, ಶಿಕ್ಷಕಿಯ ಆಧಾರ್ ಕಾರ್ಡ್ ನೋಡಿ ಶೂನ್ಯ ಟಿಕೆಟ್ ಹರಿದು ಕೊಟ್ಟರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಈ ಶನಿವಾರದ ಓಡಾಟಕ್ಕೆ ಕೈಯಿಂದ ದುಡ್ಡು ಹೋಗುವುದು ನಿಂತಿದೆ ಎಂದು ಶಿಕ್ಷಕಿ ಹೇಳಿದರು. ಕಂಡಕ್ಟರ್ ನಕ್ಕು ಹಿಂದಿನ ಸೀಟುಗಳ ಕಡೆ ನಡೆದರು.

“ನಿಮ್ಮ ಸಿಟ್ಟು ನನಗೂ ಇತ್ರಿ ಸರ್,” ಎಂದು ಶಿಕ್ಷಕಿ ಮಾತಿಗೆ ಮರಳಿದರು. “ಅದು ಇಳಿದದ್ದು ಮಲೇಷ್ಯಾದ ಹುಡುಗೀರಿಂದ.”

ಹೊರಗಿನವರಿಗೆ ಇದು ವಿಚಿತ್ರವೆನಿಸಬಹುದು, ಬೆಳಗಾವಿಯವರಿಗೆ ಅಲ್ಲ. ನೆಹರು ನಗರದ ಕೆಎಲ್‌ಇ ಶಿಕ್ಷಣ ಸಂಸ್ಥೆಯ ಆವರಣದ ಸುತ್ತಮುತ್ತ ಮಲಯ್ ಮಾತಾಡುವ ಯುವಕ ಯುವತಿಯರನ್ನು ಊರು ಎಷ್ಟೋ ವರ್ಷಗಳಿಂದ ನೋಡುತ್ತ ಬಂದಿದೆ. ಅಲ್ಲಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು 1963ರಲ್ಲಿ ಶುರುವಾಯಿತು. 2010ರಲ್ಲಿ ಕೆಎಲ್‌ಇ ವಿಶ್ವವಿದ್ಯಾಲಯ ಮತ್ತು ಮಲೇಷ್ಯಾದ ಸರ್ಕಾರಿ ವಿಶ್ವವಿದ್ಯಾಲಯವಾದ ಯೂನಿವರ್ಸಿಟಿ ಸೈನ್ಸ್ ಮಲೇಷ್ಯಾ ಸೇರಿ ಇಲ್ಲಿ ಒಂದು ಅಂತರರಾಷ್ಟ್ರೀಯ ವೈದ್ಯಕೀಯ ಕೋರ್ಸು ತೆರೆದವು. ಪಾಠ, ವಾರ್ಡು, ರೋಗಿ ಎಲ್ಲ ಬೆಳಗಾವಿಯದು. ಪಠ್ಯಕ್ರಮ, ಪದವಿ ಮಲೇಷ್ಯಾದ್ದು. ಕರ್ನಾಟಕಕ್ಕೆ ಇಂಥ ನಂಟು ಹೊಸದೂ ಅಲ್ಲ. 1997ರಲ್ಲಿ ಹುಟ್ಟಿದ ಮೆಲಕಾ ಮಣಿಪಾಲ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಮೊದಲ ಹಂತವನ್ನು ಮಣಿಪಾಲದಲ್ಲಿ ಓದಿ, ಉಳಿದದ್ದನ್ನು ಮಲೇಷ್ಯಾದ ಮೆಲಕಾದಲ್ಲಿ ಮುಗಿಸುತ್ತಿದ್ದರು.

“ಅವರಿಗೆ ನೀ ಏನು ಕಲಸ್ತಿ?”

“ಮೊದಲ ದಿವಸ ಪುಸ್ತಕದ ಮಾತು ಕಲಿಸಿದೆರಿ. ‘ಎಲ್ಲಿ ನೋವಿದೆ?’ ಅಂತ. ಅವರಾಗ ಒಬ್ಬ ಹುಡುಗಿ ವಾರ್ಡಿನಾಗ ಅದನ್ನ ಚಂದಂಗ ಕೇಳಿದ್ಲಂತ. ಅಲ್ಲಿ ಮಲಗಿದ್ದ ಅಜ್ಜಿ ‘ಹೊಟ್ಟಿ ಕಡಿಯಾಕತ್ತೈತವಾ, ಚಕ್ಕರ ಬರ್ತಾವು’ ಅಂದಾಳ. ಈಕಿ ಡಿಕ್ಷನರಿ ತಗದು ನೋಡ್ಯಾಳ. ಕಡಿ ಅಂದ್ರ ಹಲ್ಲಿಲೆ ಕಚ್ಚೂದು, ಚಕ್ರ ಅಂದ್ರ ಗಾಲಿ. ಸಂಜಿಗೆ ನೋಟ್‌ಬುಕ್ ಹಿಡಕೊಂಡು ಓಡಿ ಬಂದ್ಲು. ಅವತ್ತಿನಿಂದ ಪುಸ್ತಕ ಬದಿಗಿಟ್ಟು ಬೆಳಗಾವಿ ಮಾತೇ ಕಲಸಾಕತ್ತೇನಿ. ಜೋಡಿಗೆ ನಾಕು ಮರಾಠಿ ಮಾತು. ಬರೋ ರೋಗಿ ಯಾವ ಭಾಷಾ ಆಡ್ತಾರಂತ ಮೊದಲ ಗೊತ್ತಿರೂದಿಲ್ಲಲಾ.”

ಉದ್ಯಮಬಾಗ ದಾಟಿತು. ಪೀರನವಾಡಿಯಲ್ಲಿ ಹತ್ತಿದ ಹುಡುಗರ ಗುಂಪು ಬಾಗಿಲ ಬಳಿಯೇ ನಿಂತಿತು. ಶಿಕ್ಷಕಿಯ ದನಿ ತುಸು ತಗ್ಗಿತು.

“ಆ ಹುಡುಗಿ ಒಂದಿವಸ ಭಾಳ ಸಪ್ಪಗಿದ್ಲು ಸರ್. ಊರು ನೆನಪಾಗೈತಿ ಅನ್ಕೊಂಡೆ. ಅದಲ್ಲ. ‘ನಾ ಇಲ್ಲಿ ಓದಿ ಮುಗಿಸಿ ಊರಿಗೆ ಹೋದ್ರ ನನಗ ಯಾರು ಗುರುತು ಹಿಡೀತಾರ, ನನ್ನ ಜಾಗಾ ಎಲ್ಲೈತಿ’ ಅನ್ನೋ ಅಂಜಿಕಿ. ಅಪ್ಪ ಅವ್ವ ಫೋನಿನಾಗ ‘ನೀ ದೊಡ್ಡ ಸರ್ಜನ್ ಆಗಬೇಕು’ ಅಂತಾರ. ಇಲ್ಲಿಯ ಪ್ರೊಫೆಸರ್‌ಗಳು ಪಾಠ ಚಲೋ ಹೇಳ್ತಾರ, ಆದ್ರ ಮಲೇಷ್ಯಾದ ಆಸ್ಪತ್ರ್ಯಾಗ ಅವರು ದುಡಿದಿಲ್ಲ. ಅಂಥಾದ್ರಾಗ ಕೆಲಾಂತಾನ್‌ದಿಂದ ಒಬ್ಬ ಅಧ್ಯಾಪಕರು ಬಂದ್ರಂತ, ಕೆಲವು ದಿವಸದ ಮಟ್ಟಿಗೆ.”

ಕೆಲಾಂತಾನ್ ಮಲೇಷ್ಯಾದ ಈಶಾನ್ಯ ತುದಿಯ ರಾಜ್ಯ. ಯೂನಿವರ್ಸಿಟಿ ಸೈನ್ಸ್ ಮಲೇಷ್ಯಾದ ಮುಖ್ಯ ಕ್ಯಾಂಪಸ್ ಪೆನಾಂಗ್ ದ್ವೀಪದಲ್ಲಿದ್ದರೆ, ವೈದ್ಯಕೀಯ ವಿಭಾಗ ಮತ್ತು ಆಸ್ಪತ್ರೆ ಇರುವುದು ಕೆಲಾಂತಾನ್‌ನ ಕುಬಾಂಗ್ ಕೆರಿಯಾನ್‌ನಲ್ಲಿ.

“ಬಂದವರು ಏನು ಹೇಳಿದ್ರು? ಕಷ್ಟಪಟ್ಟು ಓದ್ರಿ, ದೊಡ್ಡ ಕನಸು ಕಾಣ್ರಿ?”

“ಇಲ್ರಿ. ಒಂದೊಂದು ಹಾಳಿ ಕೊಟ್ಟು ಒಂದು ಪ್ರಶ್ನಿ ಕೇಳಿದ್ರಂತ. ‘ಊರಿಗೆ ಹೋಗಿ ಕೆಲಸಕ್ಕ ಸೇರಿದ ಮೊದಲ ಸೋಮವಾರ, ಮುಂಜಾನೆ ಏಳು ಗಂಟೆಕ್ಕ ನೀ ಎಲ್ಲಿ ನಿಂತಿರ್ತಿ, ನಿನ್ನ ಕೈಯಾಗ ಏನಿರ್ತೈತಿ, ಯಾರಿಗೆ ಏನಂತ ಹೇಳ್ತಿ, ಬರಿ.’ ಸರ್ಜನ್ ಅಂದವರು, ಲಂಡನ್ ಅಂದವರು, ಎಲ್ಲಾರೂ ಪೆನ್ನು ಹಿಡಕೊಂಡು ಸುಮ್ಮನ ಕೂತ್ರಂತ. ಒಬ್ಬರಿಗೂ ಬರಿಯಾಕ ಬರಲಿಲ್ಲ. ಆಮ್ಯಾಲ ಅವರು ತಮ್ಮ ಮೊದಲನೇ ಸೋಮವಾರ ಹೇಳಿದ್ರು.”

ಆ ಅಧ್ಯಾಪಕರು ಬಿಡಿಸಿಟ್ಟ ದಾರಿ ಹೀಗಿತ್ತು. ಪದವಿ ಮುಗಿಸಿದ ಮಲೇಷ್ಯಾದ ವೈದ್ಯರು ಎರಡು ವರ್ಷ ಹೌಸ್‌ಮನ್‌ಶಿಪ್ ಮಾಡಬೇಕು. ಆರು ವಿಭಾಗ, ಒಂದೊಂದರಲ್ಲಿ ನಾಲ್ಕು ತಿಂಗಳು. ರಾತ್ರಿ ಪಾಳಿ ಇರುತ್ತದೆ. ಹಿರಿಯರ ಬೈಗುಳ ಇರುತ್ತದೆ. 2016ರ ಕೊನೆಯಿಂದ ಹೊಸ ವೈದ್ಯರನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುವ ಪದ್ಧತಿ ಅಲ್ಲಿ ಬಂತು. ಕಾಯಂ ಹುದ್ದೆಯ ಖಾತ್ರಿ ಹೋಯಿತು. 2021ರ ಜುಲೈ 26ರಂದು ಗುತ್ತಿಗೆ ವೈದ್ಯರು ದೇಶದ ಹಲವು ಸರ್ಕಾರಿ ಆಸ್ಪತ್ರೆಗಳಿಂದ ಹೊರಬಂದು ಪ್ರತಿಭಟಿಸಿದರು.

“ಅಷ್ಟು ಕಹಿ ಯಾಕ ಹೇಳಬೇಕಿತ್ತು? ಮಕ್ಕಳು ಎದಿ ಒಡ್ಕೊಳ್ಳೂದಿಲ್ಲ?”

“ನಾನೂ ಅದನ್ನ ಕೇಳಿದೆ. ಆಕಿ ಹೇಳಿದ್ದು ನೋಡ್ರಿ: ‘ಅವತ್ತು ರಾತ್ರಿ ನನಗ ಚಲೋ ನಿದ್ದಿ ಬಂತು.’ ದಾರ್‍ಯಾಗ ಕಲ್ಲು ಎಲ್ಲೆಲ್ಲಿ ಅದಾವ ಅಂತ ಗೊತ್ತಾತು, ದಾರಿ ಐತಿ ಅನ್ನೂದೂ ಗೊತ್ತಾತು. ಮುಂದ ಮನೋವೈದ್ಯಕೀಯ ಮಾಡಬೇಕು ಅನ್ನೋ ಆಸೆ ಇತ್ತಂತ, ಅಪ್ಪನ ಮುಂದ ಬಾಯಿ ಬಿಟ್ಟಿರಲಿಲ್ಲ. ಬಂದವರ ಮುಂದ ಬಿಟ್ಲು. ಯಾಕಂದ್ರ ಅವರು ಅದೇ ದಾರಿ ನಡದು ಬಂದವರು, ಆಕಿ ಮಾತು ಆಡಾವರು, ಆದ್ರ ಆಕಿ ಮನಿಯವರಲ್ಲ.”

ಹಿರಿಯರು ಛತ್ರಿಯ ಹಿಡಿಯನ್ನು ಒಮ್ಮೆ ತಿರುಗಿಸಿದರು. ಮಚ್ಛೆ ಬಂದಿತ್ತು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನ ಸಂಗಮ’ ಇರುವ ಕಡೆ ಕೈ ತೋರಿಸಿದರು.

“ಇದು 1998ರದು. ಈಗ ರಾಜ್ಯದ ಇಂಜಿನಿಯರಿಂಗ್ ಹುಡುಗ್ರ ಪದವಿ ಕಾಗದಾ ಬೆಳಗಾವಿಯಿಂದ ಹೋಗ್ತಾವು. ನೂರು ವರ್ಷಕ್ಕಿಂತ ಹಿಂದ ಬಿಎ ಮಾಡಬೇಕಂದ್ರ ನಮ್ಮವರು ಪುಣೆಗೆ ಹೋಗಬೇಕಿತ್ತು ತಂಗಿ. ಮುಂಬೈ ಪ್ರಾಂತದ ಕನ್ನಡ ಜಿಲ್ಲಾದಾಗ ಕಾಲೇಜ ಇರಲಿಲ್ಲ. ಧಾರವಾಡದಾಗ ಕರ್ನಾಟಕ ಕಾಲೇಜ ಆಗಿದ್ದು 1917ಕ್ಕ. ಅಲ್ಲೀ ತನಕ ಪುಣೆ ನಮಗ ಪರದೇಶ. ಊಟ ಬ್ಯಾರೆ, ಮಾತು ಬ್ಯಾರೆ, ಖರ್ಚು ಕೈಗೆ ನಿಲುಕೂದಿಲ್ಲ.”

“ಅದಕ್ಕೇ ಅಲ್ರೀ ಆ ಏಳು ಮಂದಿ ಹೊಂಟಿದ್ದು?”

“ಹೌದು! ಕೆಎಲ್‌ಇ ಹುಟ್ಟಿಸಿದ ಸಪ್ತರ್ಷಿಗಳು.” ಹಿರಿಯರ ದನಿಗೆ ತರಗತಿಯ ಗತ್ತು ಮರಳಿತು. “1916, ನವೆಂಬರ್ 13. ಬಸವನಾಳರು, ಸಾಖರೆಯವರು, ಕಟ್ಟೀಮನಿಯವರು, ಮಮದಾಪುರರು, ಹಂಚಿನಾಳರು, ಚಿಕ್ಕೋಡಿಯವರು, ಸರದಾರ ನಾಯಕರು. ಓದಾಕ ಏನು ಬೇಕು ಅನ್ನೂದು ಕಷ್ಟಪಟ್ಟು ಕಲಿತವರಿಗೇ ಗೊತ್ತು. ಅವರಿಗಿಂತ ಮೊದಲ ಶಿರಸಂಗಿ ಲಿಂಗರಾಜರು. 1906ಕ್ಕ ತೀರಕೊಂಡ್ರು. ಆಸ್ತಿ ಎಲ್ಲಾ ಹುಡುಗ್ರ ಓದಿಗೆ ಬಿಟ್ಟು ಹೋದ್ರು. 1933ರಾಗ ಅವರ ಹೆಸರಿನ ಮ್ಯಾಲ ಬೆಳಗಾವ್ಯಾಗ ಲಿಂಗರಾಜ ಕಾಲೇಜ ಬಂತು. ಅವರು ಯಾರಿಗೂ ‘ಏನಾಗ್ತಿ’ ಅಂತ ಕೇಳಲಿಲ್ಲ. ಫೀ ಎಷ್ಟು ಅಂತ ಕೇಳಿದ್ರು.”

“ನನ್ನ ಚೀಲದಾಗೂ ಅಂಥಾದ್ದೇ ಒಬ್ಬರ ಕಥಿ ಐತ್ರಿ. ಪಾವಟೆಯವರದು.”

ಗೋಕಾಕ ತಾಲ್ಲೂಕಿನ ಮಮದಾಪುರದಲ್ಲಿ 1899ರಲ್ಲಿ ಹುಟ್ಟಿದ ಡಿ.ಸಿ. ಪಾವಟೆ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿನಲ್ಲಿ ಗಣಿತ ಓದಿ ರ‍್ಯಾಂಗ್ಲರ್ ಆದರು. 1954ರಿಂದ 1967ರವರೆಗೆ ಕರ್ನಾಟಕ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದು ಧಾರವಾಡದ ಗುಡ್ಡದ ಮೇಲೆ ಅದನ್ನು ಬೆಳೆಸಿದರು, ಆಮೇಲೆ ಪಂಜಾಬಿನ ರಾಜ್ಯಪಾಲರಾದರು. ಅವರ ಹೆಸರಿನ ಪ್ರತಿಷ್ಠಾನದ ಫೆಲೋಶಿಪ್ ಪಡೆದು ಈ ಕಡೆಯ ಅಧ್ಯಾಪಕರು, ಸಂಶೋಧಕರು ಅದೇ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋಗಿ ಬಂದಿದ್ದಾರೆ.

“ಭೂಪಟದ ಮ್ಯಾಲ ಮೊದಲ ಮಮದಾಪುರ ತೋರಸ್ತೇನಿ, ಆಮ್ಯಾಲ ಕೇಂಬ್ರಿಜ್. ಒಬ್ಬರು ನಡದ ದಾರಿ ಹಂಗೇ ಉಳೀತು, ಆಮ್ಯಾಲಿನವರೂ ನಡದ್ರು ಅಂದ್ರ ಮಕ್ಕಳು ಕಣ್ಣರಳಿಸಿ ನೋಡ್ತಾರ.”

“ಅಂದ್ರ, ಬಂದು ಹೋಗಾವರು ದಾರಿ ಬಲ್ಲವರಾಗಿರಬೇಕು ಅನ್ನೂದು ನಿನ್ನ ಮಾತು.”

“ಅದರ ಜೋಡಿ ಇನ್ನೊಂದೈತ್ರಿ. ಕೇಳಾಕೂ ಬರಬೇಕು. ಎ.ಕೆ. ರಾಮಾನುಜನ್ ಲಿಂಗರಾಜ ಕಾಲೇಜಿನಾಗ ಇಂಗ್ಲಿಷ್ ಕಲಿಸ್ತಿದ್ದದ್ದು ನಿಮಗ ಗೊತ್ತಲಾ?”

ಗೊತ್ತಿಲ್ಲದೆ ಏನು. ಮೈಸೂರಿನಿಂದ ಬಂದ ಆ ತರುಣ 1950ರ ದಶಕದಲ್ಲಿ ಕೆಲವು ವರ್ಷ ಬೆಳಗಾವಿಯಲ್ಲಿದ್ದರು. ಇಂಗ್ಲಿಷ್ ಪಾಠ ಹೇಳುತ್ತಲೇ ಈ ಭಾಗದ ಜನರ ಬಾಯಿಂದ ಕನ್ನಡದ ಕಥೆಗಳನ್ನು ಕೇಳಿ ಬರೆದುಕೊಂಡರು. 1959ರಲ್ಲಿ ಫುಲ್‌ಬ್ರೈಟ್ ನೆರವಿನಿಂದ ಅಮೆರಿಕದ ಇಂಡಿಯಾನಾಕ್ಕೆ, ಅಲ್ಲಿಂದ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಹೋದರು. ಬೆಳಗಾವಿಯ ಅಡುಗೆಮನೆಯಲ್ಲಿ ಹೇಳುವ ಕಥೆಗಳು ಅವರ ಜೊತೆಗೇ ಜಗತ್ತಿನ ಓದುಗರನ್ನು ಮುಟ್ಟಿದವು.

“ಹೊರಗಿನಿಂದ ಬಂದ ಮಾಸ್ತರು ನಿಮ್ಮವ್ವ ಹೇಳೋ ಕಥಿ ಹೇಳು ಅಂದ್ರ, ಆ ಹುಡುಗನಿಗೆ ತನ್ನ ಮನ್ಯಾಗ ಇದ್ದದ್ದಕ್ಕೂ ಬೆಲಿ ಐತಿ ಅಂತ ಗೊತ್ತಾಗ್ತೈತಿ. ಕನಸಿಗೆ ಅದೂ ಬೇಕಲ್ರಿ ಸರ್.”

ಹಿರಿಯರು ಹೌದೆಂದು ತಲೆದೂಗಿದರು. ಆದರೂ ಅವರ ಸಂಶಯ ಪೂರ್ತಿ ಕರಗಿರಲಿಲ್ಲ.

“ಪಾವಟೆಯವರು, ರಾಮಾನುಜನ್, ಎಲ್ಲಾ ಖರೆ. ನಮ್ಮ ಕಾಡಿನ ಕಡೆ ಬಾ. ಭೀಮಗಡ ಅಭಯಾರಣ್ಯದ ಒಳಗ ಗವಾಳಿ, ಕೊಂಗಳಾ, ಆಮಗಾಂವ ಅಂತ ಊರು ಅದಾವ. ಮಳಿಗಾಲದಾಗ ಹಳ್ಳ ತುಂಬಿದ್ರ ದಾರಿ ಬಂದ್. ಮನ್ಯಾಗ ಮರಾಠಿ ಇಲ್ಲಾ ಕೊಂಕಣಿ. ಖಾನಾಪುರಕ್ಕ ಬಂದ್ರ ಅರ್ಧ ಕನ್ನಡ. ಕಾಲೇಜಿಗೆ ಬೆಳಗಾವಿಗೆ ಹೋದ್ರ ಇಂಗ್ಲಿಷ್. ಆ ಹುಡುಗಿಗೆ ಖಾನಾಪುರದ ಹಾಸ್ಟೆಲ್ಲೇ ಮಲೇಷ್ಯಾ. ಆಕಿಗೆ ಯಾರು ಕೆಲಾಂತಾನ್‌ದಿಂದ ಬರಬೇಕು?”

ಶಿಕ್ಷಕಿ ಚೀಲದಿಂದ ಒಂದು ಫೈಲು ತೆಗೆದರು. ಗೆರೆ ಹಾಕಿದ ನೋಟ್‌ಬುಕ್ಕಿನ ಹಾಳೆಗಳು. ಪ್ರತಿ ಹಾಳೆಯ ಮೇಲ್ತುದಿಯಲ್ಲಿ ಒಂದು ಆಸೆ, ಕೆಳತುದಿಯಲ್ಲಿ ‘ಬರೋ ಸೋಮವಾರ’. ನಡುವೆ ಮಕ್ಕಳೇ ಬರೆದ ಮೆಟ್ಟಿಲುಗಳು. ಕೆಲವು ಕನ್ನಡದಲ್ಲಿ, ಕೆಲವು ಮರಾಠಿಯಲ್ಲಿ.

“ಅವರ ಪ್ರಶ್ನಿನೇ ತಂದೇನಿ, ಇಲ್ಲಿಗೆ ಹೊಂದಿಸಿ. ಮ್ಯಾಲಿನಿಂದ ಕೆಳಗ ಇಳೀಬೇಕು. ನರ್ಸ್ ಅಂತ ಬರದ್ರ, ಅದರ ಕೆಳಗ ಪಿಯುಸಿ ಸೈನ್ಸ್, ಅದರ ಕೆಳಗ ಹತ್ತನೇತ್ತಾ, ಅದರ ಕೆಳಗ ಎಂಟನೇತ್ತಾದಾಗ ಬರಿಯೋ ಎನ್‌ಎಂಎಂಎಸ್ ಪರೀಕ್ಷಾ. ಪಾಸಾದ್ರ ಒಂಬತ್ತರಿಂದ ಪಿಯುಸಿ ತನಕ ವರ್ಷಕ್ಕ 12,000 ರೂಪಾಯಿ. ಕಡೀಕ ಸೋಮವಾರ: ಅಪ್ಪನ ಆದಾಯ ಪ್ರಮಾಣಪತ್ರಕ್ಕ ಅರ್ಜಿ. ಅಷ್ಟಕ್ಕ ಬಂದು ನಿಂತ್ರ ಕನಸು ಕೈಗೆ ಸಿಕ್ಕಂಗ.”

“ಕಿತ್ತೂರು ಸೈನಿಕ ಸಾಲಿ? ಕೋಥಳಿ ನವೋದಯ?”

“ಅಲ್ಲೇ ನಾ ಎಡವಿದ್ದು ಸರ್. ಎರಡಕ್ಕೂ ಮುಖ್ಯ ಸೇರ್ಪಡಿ ಆರನೇತ್ತಾಕ್ಕ, ಅಂದ್ರ ಪರೀಕ್ಷಾ ಐದನೇತ್ತಾ ಇದ್ದಾಗ. ನಾ ಏಳನೇತ್ತಾದವರ ಮುಂದ ನಿಂತು ಕಿತ್ತೂರು ಚನ್ನಮ್ಮನ ಹೆಸರಿನ ಸಾಲಿ ಬಗ್ಗೆ ಅರ್ಧ ತಾಸು ಹೇಳಿದೆ. ಒಂದು ಹುಡುಗಿ ಎದ್ದು ‘ನಮಗ ವಯಸ್ಸು ಮೀರೇತ್ರಿ ಮೇಡಂ’ ಅಂತು. ಅವತ್ತಿನ ರಾತ್ರಿ ನನಗ ನಿದ್ದಿ ಬರಲಿಲ್ಲ. ಈಗ ಐದನೇತ್ತಾದವರನ್ನೂ ಕೂಡಸ್ಕೋತೇನಿ.”

ಹಿರಿಯರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಒಂದರ ಮೇಲೆ ಅವರ ಕೈ ನಿಂತಿತು. ಮೇಲ್ತುದಿಯಲ್ಲಿ ‘ಕಂಡಕ್ಟರ್’ ಎಂದಿತ್ತು. ಕೆಳಗೆ ಮೆಟ್ಟಿಲುಗಳೆಲ್ಲ ಖಾಲಿ.

“ಇದು ಕಾಡೂರಿನ ಹುಡುಗಿದು. ಹಾಸ್ಟೆಲ್‌ನಾಗ ಇರ್ತಾಳ. ಎಲ್ಲಾರೂ ಡಾಕ್ಟರ್ ಅಂದಾಗ ಈಕಿ ಕಂಡಕ್ಟರ್ ಅಂದ್ಲು, ಕ್ಲಾಸ್ ನಕ್ಕಿತು. ಯಾಕ ಅಂತ ಕೇಳಿದೆ. ‘ನಮ್ಮೂರಿಗೆ ಹೊರಗಿನಿಂದ ದಿನಾ ಬರೂದು ಬಸ್ಸೊಂದೇ ಮೇಡಂ’ ಅಂದ್ಲು. ನಾ ಏನು ಮೆಟ್ಟಿಲು ಬರಸ್ಲಿ? ನನಗ ಆ ದಾರಿ ಗೊತ್ತಿಲ್ಲ.”

ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಗಣೇಬೈಲ್ ದಾಟಿ, ರಸ್ತೆಯ ಎರಡೂ ಬದಿಗೆ ಮರಗಳು ದಟ್ಟವಾದವು. ಅವರು ಹಾಳೆಯನ್ನು ಕೈಯಲ್ಲಿ ಹಿಡಿದೇ ಹೇಳಿದರು:

“ಇಂಥಾ ಒಂದು ಹುಡುಗಿ ನನ್ನ ಕ್ಲಾಸಿನಾಗೂ ಇತ್ತು. ಅದೂ ಇದನ್ನೇ ಅಂದಿತ್ತು. ಅದಕ್ಕಿಂತ ದೊಡ್ಡದು ವಿಚಾರ ಮಾಡು ಅಂತ ನಾನೇ ಕೂಡ್ಸಿಬಿಟ್ಟೆ. ಹತ್ತನೇತ್ತಾಕ್ಕ ಬಿಟ್ಟಳು. ದೊಡ್ಡದೂ ಆಗಲಿಲ್ಲ, ಸಣ್ಣದೂ ಆಗಲಿಲ್ಲ.”

ಮುಂದಿನ ಸೀಟಿನಲ್ಲಿ ಕುಳಿತು ಚಿಲ್ಲರೆ ಎಣಿಸುತ್ತಿದ್ದ ಕಂಡಕ್ಟರ್ ತಿರುಗಿ ನೋಡಿದರು. ಎಷ್ಟೋ ಹೊತ್ತಿನಿಂದ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ.

“ಆ ಹಾಳಿ ಕೊಡ್ರಿ ಇಲ್ಲಿ,” ಎಂದು ಕೈ ಚಾಚಿದರು. “ಇಲ್ಲಿ ಬರ್‍ಕೊಳ್ರಿ. ಮೊದಲ ಹತ್ತನೇತ್ತಾ ಬಿಡಬಾರದು. ಹದಿನೆಂಟು ತುಂಬಬೇಕು. ಆರ್‌ಟಿಒ ಆಫೀಸಿನಾಗ ಕಂಡಕ್ಟರ್ ಲೈಸೆನ್ಸ್, ಬ್ಯಾಜ್. ಆಮ್ಯಾಲ ಸಂಸ್ಥೆಯಿಂದ ಅರ್ಜಿ ಕರೆಯೂ ತನಕ ಕಾಯಬೇಕು, ಅದು ವರ್ಷಾ ವರ್ಷಾ ಬರೂದಿಲ್ಲ. ಅದಕ್ಕ ಕಾಯೋ ಹೊತ್ತಿನಾಗ ಪಿಯುಸಿ ಮಾಡ್ಕೋ ಅಂತ ಹೇಳ್ರಿ. ಲೆಕ್ಕ ಚಲೋ ಇರಬೇಕು. ನಿಂತು ನಿಂತು ಕಾಲು ನೋಯ್ತಾವ, ಅದನ್ನೂ ಹೇಳ್ರಿ.”

ಶಿಕ್ಷಕಿ ಬರೆಯುತ್ತಿದ್ದರು. ಹಿರಿಯರೇ ಕೇಳಿದರು:

“ನೀವೇ ಬಂದು ಆಕಿಗೆ ಹೇಳಿದ್ರ?”

“ಹೆಂಗ್ ಬರ್ಲಿರಿ ಅಜ್ಜಾರ? ಡ್ಯೂಟಿ. ಕ್ಯಾಶ್ ಬ್ಯಾಗ್ ಬಿಟ್ಟು ಹೋಗುವಂಗಿಲ್ಲ. ಖಾನಾಪುರ ಸ್ಟ್ಯಾಂಡಿನಾಗ ಇಪ್ಪತ್ತು ನಿಮಿಷ ನಿಲ್ಲತೈತಿ, ಅಷ್ಟ.”

“ಇಪ್ಪತ್ತು ನಿಮಿಷ.” ಹಿರಿಯರು ಅಂಗಿಯ ಜೇಬಿನಿಂದ ಸಣ್ಣ ಡೈರಿ ತೆಗೆದರು. “ಯಾವ ವಾರ ನಿಮಗ ಈ ಗಾಡಿ ಇರ್ತೈತಿ?”

ಖಾನಾಪುರ ನಿಲ್ದಾಣದಲ್ಲಿ ಗಾಡಿ ನಿಂತಾಗ ಮಳೆ ಮತ್ತೆ ಜೋರಾಗಿತ್ತು. ಎರಡು ವಾರ ಬಿಟ್ಟು ಬರುವ ಶನಿವಾರದ ತಾರೀಖು ಡೈರಿಯಲ್ಲಿ ಬಿದ್ದಿತ್ತು. ಅದರ ಪಕ್ಕ ಗಾಡಿ ಬಂದು ಮುಟ್ಟುವ ಸಮಯ, ಕೆಳಗೆ ‘ಹಾಸ್ಟೆಲ್ ವಾರ್ಡನ್ ಪರವಾನಗಿ’ ಎಂಬ ಎರಡನೆಯ ಸಾಲು. ಹುಡುಗಿಯನ್ನು ಮತ್ತು ಬರುವುದಾದರೆ ಅವಳ ಗೆಳತಿಯರನ್ನು ಸ್ಟ್ಯಾಂಡಿಗೆ ಕರೆತರುವ ಹೊಣೆ ತಮ್ಮದೆಂದು ಹಿರಿಯರು ಹೇಳಿದರು. ಕಂಡಕ್ಟರ್ ಆಗಲೇ ಕೆಳಗಿಳಿದು ‘ಬೆಳಗಾಂವ್, ಬೆಳಗಾಂವ್’ ಎಂದು ಕೂಗತೊಡಗಿದ್ದರು.

ಶಿಕ್ಷಕಿ ಮೆಟ್ಟಿಲಿಳಿದು ಸೆರಗನ್ನು ತಲೆಗೆ ಎಳೆದುಕೊಳ್ಳುವಷ್ಟರಲ್ಲಿ ಹಿರಿಯರು ಛತ್ರಿ ಬಿಚ್ಚಿ ಭೂಪಟದ ಮೇಲೆ ಹಿಡಿದರು.

“ನಡಿ, ಸಾಲಿ ತನಕ ಬಿಡ್ತೇನಿ,” ಎಂದರು. “ಆ ಕೆಲಾಂತಾನ್ ಎಲ್ಲೈತಿ ಅಂತ ನನಗೂ ತೋರಸು.”